ತಾತನ ಅಂಗಿಯ ಗಂಧ
ಮೊನ್ನೆ ಬುಧವಾರ ನನ್ನ ಪಿಎಚ್‌ಡಿ ವೈವಾ ಮುಗಿಯಿತು. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಕೆಮಿಸ್ಟ್ರಿಗೆ ಸೇರಿ ಏಳು ವರ್ಷ. ಋಣ ದೊಡ್ಡದಿದೆ, ಬರೆದೇ ಹೇಳಬೇಕು.

ಮೊದಲು ತಾತನಿಗೆ. ಅವರು ಮೈಸೂರಿನ ಗಂಧದೆಣ್ಣೆ ಕಾರ್ಖಾನೆಯಲ್ಲಿದ್ದರು. ಸಂಜೆ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದರೆ ನಡುಮನೆಯೆಲ್ಲ ಘಮ್ಮೆನ್ನುತ್ತಿತ್ತಂತೆ. ಅಜ್ಜಿ ಈಗಲೂ ಹೇಳುತ್ತಾರೆ. ಆ ಎಣ್ಣೆಯ ಬೇರು ನಾನು ಓದುತ್ತಿರುವ ಕಡೆಯೇ ಇದೆ ಅಂತ ಗೊತ್ತಾದಾಗ ಮೈ ಜುಮ್ಮೆಂದಿತ್ತು. 1911ರಲ್ಲಿ ಇಲ್ಲಿ ಪಾಠ ಶುರುವಾದಾಗ ಕೆಮಿಸ್ಟ್ರಿಯದೇ ಸಿಂಹಪಾಲು. ಮೊದಲ ಡೈರೆಕ್ಟರ್ ಮೋರಿಸ್ ಟ್ರಾವರ್ಸ್, 1898ರಲ್ಲಿ ವಿಜ್ಞಾನಿ ವಿಲಿಯಂ ರಾಮ್ಸೆ ಜೊತೆ ಕ್ರಿಪ್ಟಾನ್, ನಿಯಾನ್, ಕ್ಸೆನಾನ್ ಅನಿಲಗಳನ್ನು ಕಂಡುಹಿಡಿದವರು. ಆಗ ಮೈಸೂರಿನ ಗಂಧದ ಕೊರಡು ಹಡಗೇರಿ ಹೋಗುತ್ತಿತ್ತು. ಎಣ್ಣೆ ತೆಗೆಯುತ್ತಿದ್ದವರು ಹೆಚ್ಚಾಗಿ ಜರ್ಮನಿಯವರು. 1914ರ ಯುದ್ಧ ಆ ದಾರಿ ಮುಚ್ಚಿತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲ. ಇಲ್ಲಿನ ಪ್ರೊಫೆಸರ್ ಸಡ್‌ಬರೊ ಮತ್ತು ವಾಟ್ಸನ್ ಲ್ಯಾಬಿನಲ್ಲೇ ಎಣ್ಣೆ ಬಟ್ಟಿಯಿಳಿಸಿ ತೋರಿಸಿದರು. ಕಾರ್ಖಾನೆ ಬೆಂಗಳೂರಿನಲ್ಲಿ ಶುರುವಾಗಿ, ಬಳಿಕ ಮೈಸೂರಿಗೂ ಬಂತು. ತಾತನ ಸಂಬಳ, ಅಮ್ಮನ ಸ್ಕೂಲ್ ಫೀಸು, ಕೊನೆಗೆ ನಾನು ಇಲ್ಲಿಗೆ ಬಂದದ್ದು, ಎಲ್ಲಕ್ಕೂ ಆ ಎಣ್ಣೆಯ ಋಣವಿದೆ.

2020ರ ಮಾರ್ಚ್‌ನಲ್ಲಿ ಲ್ಯಾಬ್ ಮುಚ್ಚಿತು. ತಿಂಗಳುಗಟ್ಟಲೆ ಬಿಟ್ಟು ಬಂದು ನೋಡಿದರೆ ಸ್ಯಾಂಪಲ್‌ಗಳೆಲ್ಲ ಕೆಟ್ಟಿದ್ದವು, ಗಾಳಿ ತೆಗೆದು ಪ್ರಯೋಗ ಮಾಡುವ ಗಾಜಿನ ಕೊಳವೆಗಳ ಸಾಲು, ವ್ಯಾಕ್ಯೂಮ್ ಲೈನ್, ಬಿರುಕು ಬಿಟ್ಟಿತ್ತು. ಬಿಟ್ಟು ಊರಿಗೆ ಹೋಗಿಬಿಡೋಣ ಅನಿಸಿದ್ದು ಆಗಲೇ. ಗ್ಲಾಸ್ ಬ್ಲೋಯಿಂಗ್‌ನ ಅಣ್ಣ ಆ ಲೈನನ್ನು ಕೈಗೆತ್ತಿಕೊಂಡರು. ಬಿರುಕಿಗೆ ಜ್ವಾಲೆ ಹಿಡಿದು, ಗಾಜು ಕೆಂಪಾಗಿ ಮೆತ್ತಗಾದಾಗ ರಬ್ಬರ್ ಟ್ಯೂಬಿನಿಂದ ಎಳೆಮಗುವಿಗೆ ಊದಿದಷ್ಟೇ ಮೆಲ್ಲಗೆ ಊದಿದರು. ಬಿರುಕು ಇದ್ದ ಜಾಗವೇ ಕಾಣದ ಹಾಗೆ ಕೂಡಿಕೊಂಡಿತು. ನಾನು ಕೈಚಾಚಿದರೆ, "ನಿಧಾನಕ್ಕೆ ತಣ್ಣಗಾಗ್ಲಿ ಕಣಮ್ಮ, ಅರ್ಜೆಂಟ್ ಮಾಡಿದ್ರೆ ಮತ್ತೆ ಸೀಳುತ್ತೆ" ಅಂದರು. ಕೊನೆಯ ಎರಡು ಅಧ್ಯಾಯದ ಪ್ರಯೋಗಗಳೆಲ್ಲ ಆ ಲೈನಿನ ಮೇಲೇ ಆದವು. ಅಣ್ಣ, ನಿಮ್ಮ ಹೆಸರು ಯಾವ ಪೇಪರಿನಲ್ಲೂ ಬರಲಿಲ್ಲ, ಅದು ನನ್ನ ತಪ್ಪು. ಥೀಸಿಸ್‌ನಲ್ಲಿ ಬರೆದಿದ್ದೇನೆ.

ಆ ವರ್ಷ ಒಂದು ದಿನವೂ "ರಿಸಲ್ಟ್ ಎಲ್ಲಿ" ಅಂತ ಕೇಳದೆ, "ಊಟ ಆಯ್ತಾ" ಅಂತ ಕೇಳಿದ ನನ್ನ ಗೈಡ್ ಮೇಡಂಗೆ, ರಾತ್ರಿ ಎರಡಕ್ಕೆ ಎನ್‌ಎಂಆರ್ (ಅಣುಗಳ ರಚನೆ ತಿಳಿಸುವ ಯಂತ್ರ) ಸ್ಲಾಟ್ ಬಿಟ್ಟುಕೊಟ್ಟ ಲ್ಯಾಬಿನ ಗೆಳೆಯರಿಗೆ, ಸಾರಿನಪುಡಿ ತಪ್ಪದೆ ಕಳಿಸಿದ ಅಮ್ಮನಿಗೆ ನಮಸ್ಕಾರ.

ಭಾನುವಾರ ಮೈಸೂರಿಗೆ ಹೊರಟಿದ್ದೇನೆ. ಅರ್ಪಣೆಯ ಪುಟದಲ್ಲಿ ತಾತನ ಹೆಸರಿದೆ. ಅಜ್ಜಿಗೆ ಕಣ್ಣು ಮಂಜು, ನಾನೇ ಓದಿ ಹೇಳಬೇಕು.