‘ಸಕಾಲಕ್ಕೆ’ ಶುರುವಾದ ಉಪನ್ಯಾಸ ಯಾವುದು?

ಮಾನ್ಯರೇ,

ಭಾನುವಾರ ಧಾರವಾಡದಲ್ಲಿ ಬಂಡುಕೋರ ಚಳವಳಿಗಳ ಕುರಿತು ನಡೆದ ಉಪನ್ಯಾಸ ‘ಸಕಾಲಕ್ಕೆ ಆರಂಭವಾಯಿತು’ ಎಂದು ನಿಮ್ಮ ವರದಿಯಲ್ಲಿದೆ. ಯಾರ ಗಡಿಯಾರದ ಪ್ರಕಾರ? ಕರೆಯೋಲೆಯಲ್ಲಿದ್ದದ್ದು ಹತ್ತೂವರೆ. ಉದ್ಘಾಟಕರಾದ ಅಧಿಕಾರಿ ಬಂದದ್ದು ಹನ್ನೆರಡೂಕಾಲಿಗೆ. ಮೊಣಕಾಲು ನೋವಿನವನು ನಾನು, ಹುಬ್ಬಳ್ಳಿಯಿಂದ ಚಿಗರಿ ಬಸ್ಸಿನಲ್ಲಿ ನಿಂತೇ ಬಂದಿದ್ದೆ. ಅಲ್ಲಿ ಫ್ಯಾನ್ ತಿರುಗುತ್ತಿರಲಿಲ್ಲ, ನೀರಿನ ಕ್ಯಾನ್ ಖಾಲಿ. ಸಮೆಯ ಬತ್ತಿ ಕಾದು ಕಾದು ಒಣಗಿ, ಯಾರೋ ಓಡಿಹೋಗಿ ಮತ್ತೆ ಎಣ್ಣೆ ತಂದರು.

ಉಪನ್ಯಾಸಕರಿಗೆ ಉಳಿದದ್ದು ಇಪ್ಪತ್ತು ನಿಮಿಷ. ಅಷ್ಟರಲ್ಲೇ ಪುಣ್ಯಾತ್ಮ ಚೆನ್ನಾಗಿ ಹೇಳಿದರು. ಹೋರಾಟ ವರ್ಷಗಟ್ಟಲೆ ಎಳೆದರೆ ಗುಂಡಿಗಿಂತ ಮೊದಲು ಗುಮಾನಿ ಕೊಲ್ಲುತ್ತದಂತೆ. 1980ರಲ್ಲಿ ಹುಟ್ಟಿದ ನಾಗಾ ಬಂಡುಕೋರ ಸಂಘಟನೆ ಎನ್‌ಎಸ್‌ಸಿಎನ್ 1988ರಲ್ಲೇ ಒಡೆಯಿತು. ಕಾರಣ, ತಮ್ಮವರೇ ಸರ್ಕಾರದ ಜೊತೆ ಗುಟ್ಟಾಗಿ ಕೈ ಜೋಡಿಸುತ್ತಿದ್ದಾರೆಂಬ ಸಂಶಯ. ಲಂಕೆಯಲ್ಲಿ ‘ಸಾಯಲು ಪೂರ್ವದ ಹುಡುಗರು, ಪದವಿಗೆ ಉತ್ತರದವರು’ ಎಂದು ದೂರಿ ಪೂರ್ವ ಭಾಗದ ಕಮಾಂಡರ್ ಕರುಣಾ 2004ರ ಮಾರ್ಚ್‌ನಲ್ಲಿ ತಮಿಳು ಬಂಡುಕೋರರ ಎಲ್‌ಟಿಟಿಇಯಿಂದ ಹೊರಬಿದ್ದ. 2009ರ ಮೇ ಹೊತ್ತಿಗೆ ಸಂಘಟನೆಯೇ ಮುಗಿಯಿತು. 2025ರ ಜನವರಿಯಲ್ಲಿ ನಮ್ಮ ರಾಜ್ಯದ ಆರು ನಕ್ಸಲರು ಶರಣಾದದ್ದಕ್ಕೆ ಬರುವಷ್ಟರಲ್ಲಿ ‘ಊಟಕ್ಕೆ ಹೊತ್ತಾಯಿತು’ ಎಂಬ ಚೀಟಿ ಬಂತು. ಕಳಿಸಿದವರು ತಡವಾಗಿ ಬಂದ ಅದೇ ಸಾಹೇಬರು!

ಅವರಿಗೆ ಇದನ್ನೆಲ್ಲ ಕೇಳುವ ಅಗತ್ಯವೂ ಇಲ್ಲ ಬಿಡಿ. ಜನರ ಧೈರ್ಯ ಕುಗ್ಗಿಸುವುದು ಕಚೇರಿಯವರಿಗೆ ಹೇಳಿಕೊಡಬೇಕೆ? ಎಂಟು ದಿನಕ್ಕೊಮ್ಮೆ ನೀರು ಬರುತ್ತದೆಂದು ನಮ್ಮ ಓಣಿಯಿಂದ ಖಾಲಿ ಕೊಡ ಹಿಡಿದು ಕಚೇರಿಗೆ ಹೋದಾಗ ನಲವತ್ತು ಜನ ಇದ್ದೆವು. ‘ಮುಂದಿನ ವಾರ ಬರ್ರಿ’ ಎಂದರು. ಮುಂದಿನ ವಾರ ಇಪ್ಪತ್ತೇ ಜನ. ಆಮೇಲೆ ಮೂಲೆಮನೆಯ ಮುಂದೆ ಮಾತ್ರ ಟ್ಯಾಂಕರ್ ನಿಂತಿತು. ‘ಇವ್ರು ಒಳಗೊಳಗ ಮಾತಾಡ್ಯಾರ’ ಎಂದು ಉಳಿದವರು ಹಾರಾಡಿದರು. ಈಗ ಓಣಿಗೆ ಎರಡು ಸಮಿತಿ, ಎರಡಕ್ಕೂ ಲೆಟರ್‌ಹೆಡ್ಡು. ಕೊಡ ಹಿಡಿಯಲು ಉಳಿದವರು ನಾನು, ನಮ್ಮ ಮನೆಯವರು. 1980ರಲ್ಲಿ ನರಗುಂದ, ನವಲಗುಂದದಲ್ಲಿ ಗೋಲಿಬಾರಿಗೂ ಜಗ್ಗದ ರೈತರ ಹಸಿರು ಶಾಲಿಗೇ ಇಂದು ಎಷ್ಟು ಬಣವೋ, ನಮ್ಮದೇನು ಮಹಾ! ಖಾತೆ ಬದಲಾವಣೆಗೆ ಹದಿನಾಲ್ಕು ಸಲ ಅಲೆಸಿದ್ದೂ ಇಂಥವರೇ, ಅದು ಬೇರೆ ಪುರಾಣ.

ಅಧಿಕಾರಿಗಳು ಸಭೆಗೆ ಹೊತ್ತಿಗೆ ಸರಿಯಾಗಿ ಬರಲಿ, ಇಲ್ಲವೇ ಬರುವುದೇ ಬೇಡ. ನೀರನ್ನೂ ಬಿಡಲಿ. ನೀವೂ ವರದಿಗಾರರನ್ನು ಊಟದ ಹೊತ್ತಿಗಿಂತ ಸ್ವಲ್ಪ ಮೊದಲೇ ಕಳಿಸಿರಿ.

— ನೊಂದ ಓದುಗ, ಹಳೇ ಹುಬ್ಬಳ್ಳಿ