ತಲೆಬುರುಡೆ ತಳದ ಗಡ್ಡೆ: ಎಂಆರ್‌ಐ ಒಂದೇ ಸಾಲದು

ಮಾನ್ಯ ಸಂಪಾದಕರೆ,

ತಲೆಬುರುಡೆಯ ತಳದಲ್ಲಿ ಗಡ್ಡೆ ಕಂಡಾಗ ನಾವು ರೇಡಿಯಾಲಜಿಸ್ಟರು ವರದಿಯಲ್ಲಿ ಮೊದಲು ಬರೆಯುವ ಹೆಸರು ಸಾಮಾನ್ಯವಾಗಿ ಮೆನಿಂಜಿಯೋಮಾ (ಮೆದುಳಿನ ಹೊದಿಕೆಯ ಗಡ್ಡೆ), ಪಿಟ್ಯುಟರಿ ಅಡಿನೋಮಾ (ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯ ಗಡ್ಡೆ) ಅಥವಾ ಶ್ವಾನೋಮಾ (ನರದ ಹೊದಿಕೆಯ ಗಡ್ಡೆ). ಇವೇ ಹೆಚ್ಚಾಗಿ ಬರುವಂಥವಾದ್ದರಿಂದ ಆ ಊಹೆ ಬಹುತೇಕ ಸರಿಯೇ ಆಗುತ್ತದೆ. ದೇಹದ ಎಲ್ಲ ಭಾಗಗಳನ್ನು ಸೇರಿಸಿದರೂ ವರ್ಷಕ್ಕೆ 10 ಲಕ್ಷ ಜನರಲ್ಲಿ ಸುಮಾರು ಒಬ್ಬರಿಗಷ್ಟೇ ಬರುವ ಕಾರ್ಡೋಮಾ ಎಂಬ ಮೂಳೆಯ ಕ್ಯಾನ್ಸರ್ ಎದುರಾದಾಗ ಮಾತ್ರ ಇದೇ ರೂಢಿ ನಮ್ಮನ್ನು ದಾರಿ ತಪ್ಪಿಸುತ್ತದೆ.

ಭ್ರೂಣದ ಬೆನ್ನುದ್ದಕ್ಕೂ ಇರುವ ನೋಟೋಕಾರ್ಡ್ ಎಂಬ ದಂಡದ ಉಳಿಕೆಯಿಂದ ಹುಟ್ಟುವ ಕಾರ್ಡೋಮಾ ಹೆಚ್ಚಾಗಿ ನಡುಗೆರೆಯಲ್ಲಿ, ತಲೆಬುರುಡೆ ತಳದ ನಡುವಿನ ಕ್ಲೈವಸ್ ಮೂಳೆಯನ್ನು ತಿನ್ನುತ್ತಾ ಬೆಳೆಯುತ್ತದೆ. ಅದನ್ನು ಬಹುವಾಗಿ ಹೋಲುವ ಕಾಂಡ್ರೋಸಾರ್ಕೋಮಾ (ಮೃದ್ವಸ್ಥಿಯ ಕ್ಯಾನ್ಸರ್) ಪಕ್ಕಕ್ಕೆ ಸರಿದು, ಕ್ಲೈವಸ್ ಮತ್ತು ಒಳಕಿವಿಯ ಸುತ್ತಲಿನ ಪೆಟ್ರಸ್ ಮೂಳೆಗಳ ಸಂದಿನಲ್ಲಿ ನೆಲೆಸುವುದೇ ಹೆಚ್ಚು. ಎಂಆರ್‌ಐಯ ಟಿ2 ಎಂಬ ಬಗೆಯ ಚಿತ್ರದಲ್ಲಿ ಎರಡೂ ಬೆಳ್ಳಗೆ ಹೊಳೆಯುತ್ತವೆ. ಆಗ ನೆರವಿಗೆ ಬರುವುದು ಸಿಟಿ: ಉಂಗುರ ಮತ್ತು ಕಮಾನಿನಂಥ ಸುಣ್ಣದ ಗುರುತುಗಳಿದ್ದರೆ ಕಾಂಡ್ರೋಸಾರ್ಕೋಮಾದ ಸಂಶಯ ಬಲವಾಗುತ್ತದೆ. ಅಂಗಾಂಶದಲ್ಲಿ ನೀರಿನ ಕಣಗಳ ಚಲನೆ ತೋರುವ ಎಂಆರ್‌ಐ ಡಿಫ್ಯೂಷನ್ ಚಿತ್ರದಲ್ಲಿ ಆ ಚಲನೆಯ ಅಳತೆಯಾದ ಎಡಿಸಿ ಮೌಲ್ಯವೂ ಕಾಂಡ್ರೋಸಾರ್ಕೋಮಾದಲ್ಲಿ ಸಾಮಾನ್ಯವಾಗಿ ಕಾರ್ಡೋಮಾಕ್ಕಿಂತ ಹೆಚ್ಚಿರುತ್ತದೆ. ಮೆನಿಂಜಿಯೋಮಾ ಅನೇಕ ವೇಳೆ ಪಕ್ಕದ ಮೂಳೆಯನ್ನು ದಪ್ಪಗಾಗಿಸುತ್ತದೆ. ಇದೂ ಸಿಟಿಯಲ್ಲೇ ಚೆನ್ನಾಗಿ ಕಾಣುತ್ತದೆ. ಮೆದುಳಿನ ಹೊರಹೊದಿಕೆಯಾದ ಡ್ಯೂರಾ ಗಡ್ಡೆಯ ಅಂಚಿನಲ್ಲಿ ದಪ್ಪಗಾಗಿ ‘ಬಾಲ’ದಂತೆ ಕಂಡೊಡನೆ ಮೆನಿಂಜಿಯೋಮಾ ಎಂದುಬಿಡುವ ಅವಸರವಂತೂ ಬೇಡ. ಬೇರೆ ಗಡ್ಡೆಗಳಿಗೂ ಆ ಬಾಲ ಇರಬಹುದು.

ತಪ್ಪು ಎರಡೂ ಕಡೆಗೆ ಆಗಬಲ್ಲದು. ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಸ್ರವಿಸುವ ದೊಡ್ಡ ಪಿಟ್ಯುಟರಿ ಗಡ್ಡೆ ಕ್ಲೈವಸ್‌ಗೆ ಇಳಿದಾಗ ಕಾರ್ಡೋಮಾದಂತೆಯೇ ಕಾಣಬಹುದು. ಸಹಜ ಪಿಟ್ಯುಟರಿ ಗ್ರಂಥಿ ಬೇರೆಯಾಗಿ ಗುರುತಿಗೆ ಸಿಗುತ್ತದೆಯೇ ಎಂದು ಹುಡುಕಿ, ಜೊತೆಗೆ ಪ್ರೊಲ್ಯಾಕ್ಟಿನ್ ಮಟ್ಟ ತಿಳಿಯುವ ಒಂದು ರಕ್ತಪರೀಕ್ಷೆ ಮಾಡಿಸಿದರೆ, ಮಾತ್ರೆಯಲ್ಲೇ ಕುಗ್ಗಬಹುದಾದ ಗಡ್ಡೆಗೆ ಕತ್ತರಿ ಹಾಕುವುದು ತಪ್ಪೀತು. ಇತ್ತ ಕಾರ್ಡೋಮಾಕ್ಕೆ ಮೊದಲ ಶಸ್ತ್ರಚಿಕಿತ್ಸೆಯೇ ನಿರ್ಣಾಯಕ. ಅದು ಕಾರ್ಡೋಮಾ ಇರಬಹುದೆಂದು ಮೊದಲೇ ಗೊತ್ತಿದ್ದರಷ್ಟೇ ಅನುಭವಿ ತಂಡವೂ ಆನಂತರದ ವಿಕಿರಣ ಚಿಕಿತ್ಸೆಯೂ ಸರಿಯಾಗಿ ಯೋಜನೆಗೊಳ್ಳುತ್ತವೆ. ಕೊನೆಯ ತೀರ್ಪು ಅಂಗಾಂಶ ಪರೀಕ್ಷೆಯದೇ ಎಂಬುದು ನಿಜವಾದರೂ, ಎಲ್ಲಿಂದ, ಯಾವ ಮಾರ್ಗವಾಗಿ ಅಂಗಾಂಶ ತೆಗೆಯಬೇಕೆಂಬುದನ್ನು ಚಿತ್ರಗಳೇ ಹೇಳಬೇಕು.

ಸ್ಕ್ಯಾನ್‌ಗೆ ಕಳಿಸುವ ಚೀಟಿಯಲ್ಲಿ ‘ತಲೆನೋವು’ ಎಂಬ ಒಂದೇ ಪದವಿದ್ದರೆ ನಮ್ಮ ಕಣ್ಣು ಪರಿಚಿತ ರೋಗದತ್ತಲೇ ಹೊರಳುತ್ತದೆ. ವಸ್ತು ಎರಡೆರಡಾಗಿ ಕಾಣುತ್ತಿದೆಯೇ, ಕಿವಿ ಮಂದವಾಗಿದೆಯೇ ಎಂಬುದನ್ನು ವೈದ್ಯಮಿತ್ರರು ದಯವಿಟ್ಟು ಬರೆದು ಕಳಿಸಲಿ. ರೋಗಿಗಳು ವರದಿಯ ಹಾಳೆಯನ್ನಷ್ಟೇ ಅಲ್ಲದೆ ಹಳೆಯ ಸಿಟಿ, ಎಂಆರ್‌ಐ ಚಿತ್ರಗಳ ಸಿ.ಡಿ.ಯನ್ನೂ ತಪ್ಪದೆ ತರಲಿ.

– ಓರ್ವ ರೇಡಿಯಾಲಜಿ ವೈದ್ಯ