ವರ ತಂದರು, ಷರತ್ತು ಮರೆತರು

ಮಾನ್ಯ ಸಂಪಾದಕರೇ,

ಪುರಾಣದ ಎಳೆ ಹಿಡಿದು ಮಕ್ಕಳಿಗಾಗಿ ಬರೆದ ಮಾಂತ್ರಿಕ ಕಾದಂಬರಿಗಳ ಬಗ್ಗೆ ಪತ್ರಿಕೆಗಳ ಪುಸ್ತಕ ಪುಟದಲ್ಲಿ ಬರುವುದು ಹೆಚ್ಚಾಗಿ ಒಂದೇ ಮಾತು: ‘ರೋಚಕವಾಗಿದೆ, ಮಕ್ಕಳು ಓದಲೇಬೇಕು.’ ಹತ್ತು ವರ್ಷದ ಓದುಗ ಐದನೇ ಅಧ್ಯಾಯಕ್ಕೇ ಪುಸ್ತಕ ಮಗುಚಿಟ್ಟರೆ ಮೊಬೈಲನ್ನು ದೂರುತ್ತೇವೆ. ಎಷ್ಟೋ ಸಲ ತಪ್ಪಿರುವುದು ಹಸ್ತಪ್ರತಿಯಲ್ಲೇ. ಮಕ್ಕಳ ಪುಸ್ತಕಗಳನ್ನು ತಿದ್ದುವ ಕೆಲಸದಲ್ಲಿರುವವರಾಗಿ ಈ ಕುರಿತು ನಾಲ್ಕು ಮಾತು.

ಲೇಖಕರು ಪುರಾಣದಿಂದ ಹೆಸರು, ಅಸ್ತ್ರ, ಕಿರೀಟ ಎಲ್ಲವನ್ನೂ ಎತ್ತಿಕೊಳ್ಳುತ್ತಾರೆ. ವರದ ಬೆನ್ನಿಗಿದ್ದ ಷರತ್ತನ್ನು ಮಾತ್ರ ಅಲ್ಲೇ ಬಿಟ್ಟು ಬರುತ್ತಾರೆ. ಕಥೆ ಇರುವುದೇ ಆ ಷರತ್ತಿನಲ್ಲಿ. ಹಿರಣ್ಯಕಶಿಪುವಿಗೆ ಒಳಗೂ ಹೊರಗೂ ಸಾವಿಲ್ಲ, ಹಗಲೂ ಇರುಳೂ ಇಲ್ಲ, ಆಯುಧದಿಂದಲೂ ಇಲ್ಲ. ಹೊಸ್ತಿಲು, ಮುಸ್ಸಂಜೆ, ಉಗುರು ಎಂದು ಒಂದೊಂದೇ ಬೀಗ ತೆರೆಯುವಾಗ ಮಗು ಬೆರಳು ಮಡಚಿ ಎಣಿಸುತ್ತದೆ. ಜಯದ್ರಥನ ಪ್ರಸಂಗ ಇದಕ್ಕಿಂತ ಬಿಗಿ. ಅವನ ತಲೆಯನ್ನು ನೆಲಕ್ಕೆ ಬೀಳಿಸಿದವನ ತಲೆ ನೂರು ಹೋಳಾಗಲಿ ಎಂಬುದು ಅವನಪ್ಪ ವೃದ್ಧಕ್ಷತ್ರನ ಮಾತು. ಅರ್ಜುನ ಬಾಣದಿಂದಲೇ ತಲೆಯನ್ನು ಹೊತ್ತೊಯ್ದು, ಸಂಧ್ಯಾವಂದನೆಯಲ್ಲಿ ಕೂತಿದ್ದ ಆ ಅಪ್ಪನ ತೊಡೆಗೇ ಹಾಕಿದ. ಅಪ್ಪ ಎದ್ದ, ತಲೆ ಉರುಳಿತು, ಒಡೆದದ್ದು ಅವನದೇ. ಮಹಾಭಾರತದಲ್ಲಿ ಕೃಷ್ಣ ಈ ಷರತ್ತನ್ನು ಹೇಳುವುದು ಬಾಣ ಹೂಡುವ ಹೊತ್ತಿಗೇ. ನಿಯಮ ಮೊದಲೇ ಗೊತ್ತಿದ್ದರೆ ಯಾರೂ ‘ಇದು ಮೋಸ’ ಎನ್ನುವುದಿಲ್ಲ. ಮಕ್ಕಳ ಕಾದಂಬರಿಯಲ್ಲಿ ಹಾಗೆ ಕೊನೆಯ ಕ್ಷಣದಲ್ಲಿ ಮೊದಲ ಸಲ ಹೇಳಿದರೆ ಖಂಡಿತ ಅನ್ನುತ್ತಾರೆ. ಹಾಗಾಗಿ ಮಂತ್ರದ ನಿಯಮ ಪುಸ್ತಕದ ಮೊದಲ ಕಾಲು ಭಾಗದೊಳಗೇ ಓದುಗರ ಕಣ್ಣಿಗೆ ಬೀಳಬೇಕು. ನಡುವೆ ಒಮ್ಮೆಯಾದರೂ ಅದು ನಾಯಕನಿಗೇ ತಿರುಗಿ ಹೊಡೆಯಬೇಕು.

ನಿಯಮ ಇದ್ದರೆ ಸಾಲದು, ಬೆಲೆಯೂ ಬೇಕು. ‘ಅವಳು ಮಂತ್ರ ಪಠಿಸಿದೊಡನೆ ಬೆಂಕಿ ಆರಿಹೋಯಿತು’ ಎಂದು ಬರೆದರೆ ಮುಂದಿನ ಪುಟದಲ್ಲಿ ಪ್ರವಾಹ ಬಂದರೂ ಮಗುವಿಗೆ ಭಯವಿಲ್ಲ. ಇನ್ನೊಂದು ಮಂತ್ರ ಇದ್ದೇ ಇದೆಯಲ್ಲ! ಅದನ್ನೇ ಹೀಗೆ ತಿದ್ದಿ ನೋಡಿ: ‘ಮಂತ್ರ ಹೇಳಿದಳು. ಬೆಂಕಿ ಆರಿತು. ತಮ್ಮನನ್ನು ಕರೆಯಲು ಬಾಯಿ ತೆರೆದಳು. ಅವನ ಹೆಸರು ನೆನಪಿಗೆ ಬರಲಿಲ್ಲ.’ ಒಂದು ಮಂತ್ರಕ್ಕೆ ಒಂದು ನೆನಪು ಖರ್ಚು. ಈಗ ಪ್ರವಾಹ ಬಂದರೆ ಓದುಗ ಉಸಿರು ಬಿಗಿ ಹಿಡಿಯುತ್ತಾನೆ. ಇದೂ ಹೊಸ ತಂತ್ರವೇನಲ್ಲ. ಸ್ಕ್ಯಾಂಡಿನೇವಿಯಾದ ನಾರ್ಸ್ ಪುರಾಣದ ದೇವರು ಓಡಿನ್, ಜ್ಞಾನ ಕೊಡುವ ಮೀಮಿರನ ಬಾವಿಯ ಒಂದು ಗುಟುಕಿಗೆ ಕಣ್ಣನ್ನೇ ಒತ್ತೆಯಿಟ್ಟ. ಕಚ ಸಂಜೀವಿನಿ ವಿದ್ಯೆ ಕಲಿಯಬೇಕಾದರೆ ಬೂದಿಯಾಗಿ ಗುರುವಿನ ಹೊಟ್ಟೆ ಸೇರಬೇಕಾಯಿತು, ಗುರುವಿನ ಹೊಟ್ಟೆ ಸೀಳಿಯೇ ಹೊರಬರಬೇಕಾಯಿತು. ಕೊನೆಗೆ ದೇವಯಾನಿಯ ಶಾಪದಿಂದ ಆ ವಿದ್ಯೆ ಅವನಿಗೇ ಫಲಿಸಲಿಲ್ಲ, ಅವನಿಂದ ಕಲಿತವರಿಗೆ ಫಲಿಸಿತು. ಇಷ್ಟು ಹದವಾದ ಕಚ್ಚಾ ಸಾಮಗ್ರಿ ಕೈಲಿರುವಾಗ ಬರೀ ಹೊಳೆಯುವ ದಂಡವೊಂದನ್ನು ಹಿಡಿದು ಬರುವುದು ಯಾಕೋ ತಿಳಿಯದು.

ಕೊನೆಯ ಅಧ್ಯಾಯದಲ್ಲಿ ದೇವರು ಬಂದು ಎಲ್ಲ ಸರಿಮಾಡುವುದು ಇನ್ನೊಂದು ಕಾಯಿಲೆ. ಗ್ರೀಕ್ ರಂಗಭೂಮಿಯಲ್ಲಿ ಯಂತ್ರಕ್ಕೆ ಕಟ್ಟಿ ದೇವರನ್ನು ಇಳಿಸುತ್ತಿದ್ದರು. ಕಥೆಯ ಗಂಟು ಕಥೆಯೊಳಗಿನಿಂದಲೇ ಬಿಚ್ಚಬೇಕು ಎಂದು ಅರಿಸ್ಟಾಟಲ್ ಆಗಲೇ ಆಕ್ಷೇಪಿಸಿದ್ದ. ಗಂಟು ಬಿಚ್ಚುವ ಕೈ ಮಗುವಿನದೇ ಆಗಿರಲಿ. ದೇವರು ಬಂದೇ ತೀರಬೇಕೆಂದರೆ ಕಷ್ಟ ಕೊಡುವುದಕ್ಕೆ ಬರಲಿ.

ಮೂಲ ನೋಡದೆ ಬರೆಯುವ ಚಾಳಿಯೂ ಇದೆ. ಲಕ್ಷ್ಮಣರೇಖೆ ವಾಲ್ಮೀಕಿ ರಾಮಾಯಣದಲ್ಲಿಲ್ಲ. ಗ್ರೀಕ್ ವೀರ ಅಕಿಲೀಸನ ಹಿಮ್ಮಡಿಯ ಕಥೆ ಹೋಮರನ ಇಲಿಯಡ್‌ನಲ್ಲಿಲ್ಲ. ಗಾಯವಾಗದಿರಲೆಂದು ಮಗುವನ್ನು ಸ್ಟಿಕ್ಸ್ ನದಿಯಲ್ಲಿ ಮುಳುಗಿಸಿದ್ದು, ಒಂದು ಜಾಗ ಮಾತ್ರ ರಕ್ಷಣೆಯಿಲ್ಲದೆ ಉಳಿದದ್ದು ನಮಗೆ ಸಿಗುವುದು 1ನೇ ಶತಮಾನದ ರೋಮನ್ ಕವಿ ಸ್ಟೇಷಿಯಸ್‌ನಲ್ಲಿ. ಇವನ್ನು ಬಳಸಬಾರದೆಂದಲ್ಲ. ಒಂದು ಕಥೆಯ ಎರಡು ರೂಪ ಗೊತ್ತಿದ್ದವರಿಗೆ ಮೂರನೆಯದನ್ನು ಕಟ್ಟುವ ಧೈರ್ಯ ಬರುತ್ತದೆ. ಬದಲಿಸಿದ್ದೇನು ಎಂದು ಕೊನೆಯಲ್ಲಿ ಒಂದು ಪುಟದ ಟಿಪ್ಪಣಿ ಹಾಕಿದರೆ ಮಕ್ಕಳು ಮೂಲವನ್ನೂ ಹುಡುಕಿ ಓದುತ್ತಾರೆ. ಪದಕೋಶವನ್ನು ಮಾತ್ರ ಹಿಂದಿಡಬೇಡಿ, ಮಕ್ಕಳು ಅಲ್ಲಿಗೆ ಹೋಗುವುದಿಲ್ಲ. ‘ಅರಣಿ’ ಎಂಬ ಪದ ಬಂದರೆ ಎರಡು ಕಟ್ಟಿಗೆ ಉಜ್ಜಿ ಕಿಡಿ ಹುಟ್ಟುವುದನ್ನು ಅದೇ ಸಾಲಲ್ಲಿ ತೋರಿಸಿ.

ಹೆಸರುಗಳ ಜಾತ್ರೆ ಬೇಡ. ಒಂದು ಅಧ್ಯಾಯಕ್ಕೆ ಎರಡು, ಹೆಚ್ಚೆಂದರೆ ಮೂರು ಹೊಸ ಹೆಸರು ಸಾಕು. ಧೃತರಾಷ್ಟ್ರ, ಧೃಷ್ಟದ್ಯುಮ್ನ, ಧೃಷ್ಟಕೇತು ಒಂದೇ ಪುಟದಲ್ಲಿ ಎದುರಾದರೆ ದೊಡ್ಡವರೇ ತಡಬಡಾಯಿಸುತ್ತಾರೆ. ದೇವತೆಗಳ ಬಾಯಲ್ಲಿ ಹಳೆಯ ನಾಟಕದ ಕನ್ನಡ, ಮಕ್ಕಳ ಬಾಯಲ್ಲಿ ಶಾಲೆಯ ಕನ್ನಡ ಎಂದು ಹಂಚಿದರೆ ಎರಡೂ ಕೃತಕ.

ಗಾತ್ರದ ಲೆಕ್ಕದಲ್ಲೂ ಎಡವುತ್ತೇವೆ. ಇಂಗ್ಲಿಷಿನಲ್ಲಿ 8ರಿಂದ 12 ವರ್ಷದವರ ಇಂಥ ಕಾದಂಬರಿ ಸಾಮಾನ್ಯವಾಗಿ 40ರಿಂದ 60 ಸಾವಿರ ಪದ. ಆ ಅಂಕಿಯನ್ನು ನೋಡಿ ಕನ್ನಡದಲ್ಲೂ ಅಷ್ಟೇ ಪದ ಬರೆದರೆ ಪುಸ್ತಕ ಊದಿಕೊಳ್ಳುತ್ತದೆ. ಇಂಗ್ಲಿಷಿಗೆ ‘ಮನೆಯೊಳಗಿನಿಂದಲೇ’ ಎನ್ನಲು ನಾಲ್ಕೈದು ಪದ ಬೇಕು, ನಮಗೆ ಒಂದೇ. 30 ಸಾವಿರದ ಆಸುಪಾಸು ನಮ್ಮಲ್ಲಿ ಧಾರಾಳವಾಯಿತು. ಅಧ್ಯಾಯ 1,000ದಿಂದ 1,500 ಪದ, ಮಲಗುವ ಮುನ್ನ ಒಂದು ಮುಗಿಯುವಷ್ಟು. ಅಕ್ಷರ 14 ಪಾಯಿಂಟಿಗೆ ಇಳಿಯದಿರಲಿ. ಒತ್ತಕ್ಷರಗಳು ಕೆಳಗೆ ಇಳಿಯುವ ಲಿಪಿ ನಮ್ಮದು, ಸಾಲುಗಳ ನಡುವಿನ ಜಾಗ ಕಡಿಮೆ ಮಾಡಲು ಹೋದರೆ ‘ಷ್ಟ್ರ’ದ ಬಾಲ ಕೆಳಗಿನ ಸಾಲಿನ ಗುಡಿಸಿಗೆ ತಗಲುತ್ತದೆ.

ವಿಮರ್ಶಕರಲ್ಲಿ ನಮ್ಮ ಕೋರಿಕೆ ಇಷ್ಟೇ: ಮುಂದಿನ ಸಲ ಇಂಥ ಪುಸ್ತಕದ ಬಗ್ಗೆ ಬರೆಯುವಾಗ ಎಷ್ಟು ವರ್ಷದವರಿಗೆ ಹೊಂದುತ್ತದೆ, ಮಂತ್ರದ ನಿಯಮವೇನು, ಅದು ಕೊನೆಯವರೆಗೆ ನಿಂತಿತೇ ಎಂಬ ಮೂರು ವಿಷಯ ತಿಳಿಸಿ. ಎರಡನೆಯದಕ್ಕೆ ಉತ್ತರ ಸಿಗದಿದ್ದರೆ ಪುಸ್ತಕ ಓದಿದ ಮಗುವನ್ನೇ ಕೇಳಿ. ಅದಕ್ಕೂ ಒಂದು ವಾಕ್ಯದಲ್ಲಿ ಹೇಳಲಾಗದಿದ್ದರೆ ಅದನ್ನೇ ವಿಮರ್ಶೆಯಲ್ಲಿ ಬರೆಯಿರಿ.

– ಮಕ್ಕಳ ಪುಸ್ತಕಗಳ ಸಂಪಾದನೆಯಲ್ಲಿ ತೊಡಗಿರುವ ಓದುಗರು